ಬುಕಾನನ್ನನ ಮೂರನೆಯ ಸಂಪುಟವೋ, ಹೊರ್ತೂಸಿನ ಬಿಡಿ ಹಾಳೆಯೋ

ಮಾಸ್ಟ್ರೇ, ನಮಸ್ಕಾರ. ಹಳೆಯ ಪುಸ್ತಕಗಳ ವ್ಯಾಪಾರಿಯೊಬ್ಬರು ಫ್ರಾನ್ಸಿಸ್ ಬುಕಾನನ್ನನ ಪ್ರವಾಸಗ್ರಂಥದ ಮೂರನೆಯ ಸಂಪುಟವನ್ನೂ ಮಲಬಾರಿನ ಸಸ್ಯಗಳ ಕುರಿತ ಹಳೆಯ ಗ್ರಂಥ ‘ಹೊರ್ತೂಸ್ ಮಲಬಾರಿಕಸ್’ನಿಂದ ಬಂದ ಅಡಿಕೆ ಮರದ ಚಿತ್ರವಿರುವ ಬಿಡಿ ಹಾಳೆಯನ್ನೂ ತೋರಿಸಿದ್ದಾರೆ, ಯಾವುದನ್ನು ಕೊಳ್ಳಲಿ, ಕೊಂಡರೆ ನಮ್ಮ ಮಳೆಗಾಲದಲ್ಲಿ ಹೇಗೆ ಕಾಪಾಡಲಿ ಎಂದು ಕೇಳಿದ್ದೀರಿ. ಸಂಪುಟ ಅಸಲಿಯಾಗಿದ್ದರೆ ಅದನ್ನೇ ಕೊಳ್ಳಿ, ಹಾಳೆಯನ್ನು ಬಿಟ್ಟುಬಿಡಿ ಎಂಬುದು ನನ್ನ ಅಭಿಪ್ರಾಯ.

ಬುಕಾನನ್ ವೈದ್ಯನೂ ಸಸ್ಯವಿಜ್ಞಾನಿಯೂ ಆಗಿದ್ದವನು. 1800–01ರಲ್ಲಿ ಅವನು ಮದರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರುಗಳಲ್ಲಿ ನಡೆಸಿದ ಪ್ರವಾಸದ ವರದಿ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಜೊತೆಯಿಂದ ಅಗಲಿದ ಒಂಟಿ ಸಂಪುಟವನ್ನು ದೊಡ್ಡ ಸಂಗ್ರಾಹಕರು ಸಾಮಾನ್ಯವಾಗಿ ಮೂಸಿ ನೋಡುವುದಿಲ್ಲ, ಹಾಗಾಗಿ ಅದರ ಬೆಲೆಯೂ ಇಳಿದಿರುತ್ತದೆ. ಆದರೆ ಅವನು ಮಲಬಾರಿನಿಂದ ನೀಲೇಶ್ವರ, ಬೇಕಲ, ಚಂದ್ರಗಿರಿಗಳ ದಾರಿಯಾಗಿ ಮಂಗಳೂರಿನ ಕಡೆಗೆ ಬಂದ ಭಾಗವಿರುವುದು ಈ ಮೂರನೆಯ ಸಂಪುಟದಲ್ಲಿಯೇ. ಕಾಸರಗೋಡಿನವರಾದ ನಾವು ಮೂರರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕಾಗಿದ್ದರೂ ಇದನ್ನೇ ಆರಿಸಿಕೊಳ್ಳಬೇಕಿತ್ತು.

ಈ ಗ್ರಂಥ ದೆಹಲಿಯಲ್ಲಿ ಮರುಮುದ್ರಣವಾಗಿದೆ. ಇಂಥ ಮರುಮುದ್ರಣಗಳಲ್ಲಿ ಹಳೆಯ ಮುಖಪುಟವೇ ಹಾಗೆಯೇ ಇರುವುದುಂಟಾದ್ದರಿಂದ ‘1807’ ಎಂಬ ಅಂಕಿಯೊಂದನ್ನೇ ನಂಬಬೇಡಿ. ಹಾಳೆಯೊಂದನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ಆ ಕಾಲದ ಕಾಗದವನ್ನು ಹಳೆಯ ಬಟ್ಟೆಯ ನಾರಿನಿಂದ ಮಾಡುತ್ತಿದ್ದರು. ಹಲವು ಇಂಗ್ಲಿಷ್ ಕಾಗದಗಳ ನೀರಚ್ಚಿನಲ್ಲಿ (ಬೆಳಕಿಗೆ ಹಿಡಿದಾಗ ಕಾಗದದೊಳಗೆ ಕಾಣುವ ಗುರುತಿನಲ್ಲಿ) ತಯಾರಕರ ಹೆಸರಿನೊಂದಿಗೆ ಇಸವಿಯೂ ಕಾಣುತ್ತದೆ, ಅದು ಪುಸ್ತಕದ ಇಸವಿಗಿಂತ ಒಂದೆರಡು ವರ್ಷ ಹಿಂದಿನದಾಗಿದ್ದರೆ ಗಾಬರಿಯಾಗಬೇಕಾಗಿಲ್ಲ. ಪುಟದ ಹಿಂಬದಿಯನ್ನು ಬೆರಳಿನಿಂದ ಸವರಿದರೆ ಅಚ್ಚಿನ ಮೊಳೆಗಳು ಒತ್ತಿದ ಉಬ್ಬು ಸ್ವಲ್ಪವಾದರೂ ತಿಳಿಯಬೇಕು. ಆಫ್‌ಸೆಟ್ ಮುದ್ರಣದ ಪುಟ ನುಣ್ಣಗೆ ಚಪ್ಪಟೆಯಾಗಿರುತ್ತದೆ. ಆಮೇಲೆ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಸಿಗುವ ಸ್ಕ್ಯಾನ್ ಪ್ರತಿಯನ್ನು ಮೊಬೈಲಿನಲ್ಲಿ ತೆರೆದಿಟ್ಟುಕೊಂಡು ಪುಟಕ್ಕೆ ಪುಟ, ಚಿತ್ರಕ್ಕೆ ಚಿತ್ರ ಹೋಲಿಸಿ ನೋಡಿ. ಬೆಲೆಯ ಮಾತು ಅದಾದ ಮೇಲೆಯೇ. ರಟ್ಟು ಬಿಟ್ಟುಕೊಂಡಿದ್ದರೆ ಹೊಲಿಸಬಹುದು, ಹೋದ ಚಿತ್ರವನ್ನು ತರಲಾಗದು.

ಹಾಳೆಯ ವಿಷಯದಲ್ಲಿ ನನ್ನ ವಿರೋಧ ಹಣಕ್ಕೆ ಸಂಬಂಧಿಸಿದ್ದಲ್ಲ. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ಮಾಡಿಸಿದ ಈ ಲ್ಯಾಟಿನ್ ಗ್ರಂಥ 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಾಗಿ ಹೊರಬಂದಿತು. ಅದಕ್ಕೆ ತಿಳಿವಳಿಕೆ ಕೊಟ್ಟವರು ಇಟ್ಟಿ ಅಚ್ಯುತನ್ ಎಂಬ ನಾಟಿವೈದ್ಯರು, ಜೊತೆಗೆ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ಪಂಡಿತರು. ಇಂಥ ಗ್ರಂಥದ ಒಂದು ಚಿತ್ರ ಬಿಡಿಯಾಗಿ ಮಾರಾಟಕ್ಕೆ ಬಂದಿದೆ ಎಂದರೆ ಸಾಮಾನ್ಯವಾಗಿ ಯಾರೋ ಒಂದು ಸಂಪುಟದ ಹೊಲಿಗೆ ಬಿಚ್ಚಿದ್ದಾರೆ ಎಂದೇ ಅರ್ಥ. ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವವರು ಇರುವವರೆಗೂ ಕತ್ತರಿಸುವವರೂ ಇರುತ್ತಾರೆ, ಆ ಸಾಲಿನಲ್ಲಿ ನಾವು ನಿಲ್ಲುವುದು ಬೇಡ. ಹಾಗೂ ಮನಸ್ಸು ಕೇಳದಿದ್ದರೆ ಭೂತಗನ್ನಡಿಯಲ್ಲಿಯಾದರೂ ನೋಡಿ. ತಾಮ್ರದ ತಗಡಿನಿಂದ ಒತ್ತಿದ ಚಿತ್ರದ ಸುತ್ತ, ಅಂಚನ್ನು ಕತ್ತರಿಸಿರದಿದ್ದರೆ, ತಗಡಿನ ಅಂಚು ಒತ್ತಿದ ತಗ್ಗು ಇರುತ್ತದೆ, ಗೆರೆಗಳು ಕಡಿಯದೆ ಓಡುತ್ತವೆ. ಸಣ್ಣ ಸಣ್ಣ ಚುಕ್ಕೆಗಳ ಜಾಲ ಕಂಡರೆ ಅದು ಇತ್ತೀಚಿನ ಮುದ್ರಣ. ಓದುವುದಕ್ಕಾದರೆ ಡಾ. ಕೆ. ಎಸ್. ಮಣಿಲಾಲ್ ಅವರ ಇಂಗ್ಲಿಷ್ ಅನುವಾದವನ್ನು ಕೇರಳ ವಿಶ್ವವಿದ್ಯಾಲಯ 2003ರಲ್ಲಿ ಪ್ರಕಟಿಸಿದೆ, ಮಲಯಾಳ ಆವೃತ್ತಿಯೂ ಇದೆ.

ಮುಂದೆ ಸಂಗ್ರಹ ಬೆಳೆಸುವ ಆಸೆಯಿದ್ದರೆ ಮದರಾಸಿನಲ್ಲಿ ಅಚ್ಚಾದವುಗಳ ಮೇಲೆ ಕಣ್ಣಿಡಿ. ಸಸ್ಯವಿಜ್ಞಾನಿ ರಾಬರ್ಟ್ ವೈಟ್‌ನ ಸಸ್ಯಚಿತ್ರಗಳ ಗ್ರಂಥ ‘ಐಕೋನ್ಸ್’ 1838ರಿಂದ 1853ರ ನಡುವೆ ಬಂದ ಆರು ಸಂಪುಟಗಳ ಕೃತಿ. ಅದರ ಎರಡು ಸಾವಿರಕ್ಕೂ ಮಿಕ್ಕಿದ ಕಲ್ಲಚ್ಚಿನ ಚಿತ್ರಗಳ ಹಿಂದೆ ರಂಗಯ್ಯ, ಗೋವಿಂದು ಎಂಬ ನಮ್ಮ ದಕ್ಷಿಣದ ಕಲಾವಿದರ ಕೈಯಿದೆ. ವೈಟ್ ಒಂದು ಆರ್ಕಿಡ್ ಕುಲಕ್ಕೆ ಗೋವಿಂದುವಿನ ಹೆಸರನ್ನೇ ಇಟ್ಟನು. 1894–95ರ ದಕ್ಷಿಣ ಕನ್ನಡ ಜಿಲ್ಲಾ ಮ್ಯಾನುಯಲ್ (ಜಿಲ್ಲೆಯ ಮಾಹಿತಿಗ್ರಂಥ) ಸಿಕ್ಕಿದರೂ ಬಿಡಬೇಡಿ, ಆಗ ಕಾಸರಗೋಡು ಆ ಜಿಲ್ಲೆಯ ತಾಲೂಕಾಗಿತ್ತು.

ಇನ್ನು ಮಳೆಗಾಲ. ಗಾಳಿಯ ತೇವ ಶೇಕಡಾ 65 ದಾಟಿ ಹಾಗೆಯೇ ನಿಂತರೆ ಬೂಷ್ಟು ಹಿಡಿಯುವ ಭಯ ಶುರುವಾಗುತ್ತದೆ. ನಮ್ಮಲ್ಲಿ ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಅದು ಸುಲಭವಾಗಿ ದಾಟುತ್ತದೆ. ತೇವ ಅಳೆಯುವ ಸಣ್ಣ ಮೀಟರೊಂದನ್ನು ಕಪಾಟಿನೊಳಗೇ ಇಡಿ. ಕಪಾಟು ಮಳೆ ಹೊಡೆಯುವ ಗೋಡೆಗೆ ತಾಗಿರಬಾರದು, ಅಡುಗೆಮನೆಯ ಅಟ್ಟ ಬೇಡವೇ ಬೇಡ. ತೇವ ಹೀರುವ ಸಿಲಿಕಾ ಜೆಲ್‌ನ ಪೊಟ್ಟಣಗಳನ್ನು ಇಟ್ಟು, ಬಣ್ಣ ಬದಲಾದ ಕೂಡಲೇ ಹೊರತೆಗೆದು ಬಿಸಿಮಾಡಿ ಒಣಗಿಸಿ ಮತ್ತೆ ಇಡಿ. ಪ್ಲಾಸ್ಟಿಕ್‌ನಲ್ಲಿ ಬಿಗಿಯಾಗಿ ಸುತ್ತಿದರೆ ಒಳಗಿನ ತೇವ ಒಳಗೇ ಉಳಿಯುತ್ತದೆ, ಒಗೆದ ಹತ್ತಿ ಬಟ್ಟೆ ಸಾಕು. ಬೂಷ್ಟು ಬಂದರೆ ಒದ್ದೆ ಬಟ್ಟೆಯಿಂದ ಒರಸಬೇಡಿ. ನೆರಳಿನಲ್ಲಿ ಪೂರ್ತಿ ಒಣಗಿಸಿದ ಮೇಲೆ, ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ ಮೆದು ಬ್ರಷ್‌ನಿಂದ ತೆಗೆಯಿರಿ. ಹರಿದ ಹಾಳೆಗೆ ಸೆಲ್ಲೋಟೇಪು ಹಚ್ಚುವುದು, ಲ್ಯಾಮಿನೇಶನ್ ಮಾಡಿಸುವುದು ಎರಡೂ ಪುಸ್ತಕವನ್ನು ಹಾಳುಮಾಡುತ್ತವೆ.

ಹಣ ಕೊಡುವ ಮುಂಚೆ ಒಳಪುಟಗಳಲ್ಲಿ ಯಾವುದಾದರೂ ಗ್ರಂಥಾಲಯದ ಮೊಹರು ಇದೆಯೇ ಎಂದು ನೋಡಿ, ಇದ್ದರೆ ಅದನ್ನು ಅಲ್ಲಿಂದ ವಿಲೇವಾರಿ ಮಾಡಿದ್ದಕ್ಕೆ ದಾಖಲೆ ಕೇಳಿ, ರಸೀದಿಯನ್ನೂ ಪಡೆಯಿರಿ. ಮುಖಪುಟ, ಬೆಳಕಿಗೆ ಹಿಡಿದ ಒಂದು ಹಾಳೆ ಮತ್ತು ಹೊಲಿಗೆಯ ಫೋಟೊಗಳನ್ನು ಇಲ್ಲಿ ಹಾಕಿದರೆ ನೋಡಿ ತಿಳಿಸುತ್ತೇನೆ.