ಆ ಎರಡು ಮೈಲಿ ಎಲ್ಲಿ ಹೋಯಿತು?

ಪ್ರಿಯರೇ,

ಡೇವಿಡ್ ಬ್ರೈನರ್ಡ್ ಎಂಬ ಪಾದ್ರಿಯ ಕೊನೆಯ ವರ್ಷದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಕ್ಷಯ ಹತ್ತಿದ 28 ವರ್ಷದ ಹುಡುಗ, ತಾನು ಉಪದೇಶ ಮಾಡುತ್ತಿದ್ದ ಡೆಲವೇರ್ ಎಂಬ ಅಮೆರಿಕದ ಮೂಲನಿವಾಸಿ ಬುಡಕಟ್ಟಿನ ಜನರನ್ನು ನ್ಯೂಜೆರ್ಸಿಯಲ್ಲಿ ಬಿಟ್ಟು, ಕುದುರೆ ಮೇಲೆ ಮ್ಯಾಸಚೂಸೆಟ್ಸ್‌ವರೆಗೆ ಹೋದ ಕತೆ. ವಿಷಯ ಒಳ್ಳೆಯದು, ದಿನಾಂಕಗಳು ಸರಿಯಾಗಿವೆ, ಓದಿಸಿಕೊಂಡು ಹೋಗುತ್ತದೆ. ಬಂಗಾಳದ ಶ್ರೀರಾಮಪುರದಲ್ಲಿ 1817ರಲ್ಲಿ ಕನ್ನಡ ವ್ಯಾಕರಣ ಅಚ್ಚು ಹಾಕಿಸಿದ ವಿಲಿಯಂ ಕೇರಿ ಇದೇ ಬ್ರೈನರ್ಡ್‌ನ ಡೈರಿಯನ್ನು ಹಚ್ಚಿಕೊಂಡಿದ್ದವರು. ಅದನ್ನು ನೆನಪಿಸಿದ್ದು ಖುಷಿಯಾಯಿತು.

ಆದರೆ ನಾಲ್ಕನೇ ಪುಟ ಓದಿ ಸಿಟ್ಟು ಬಂತು. ಎರಡು ದಿನವಾದರೂ ಇಳಿದಿಲ್ಲ. ಹಾಗಾಗಿ ಬೇರೆ ಪುಟಗಳ ಬಗ್ಗೆ ಏನೂ ಹೇಳುವುದಿಲ್ಲ, ಅದೊಂದರ ಬಗ್ಗೆಯೇ ಹೇಳುತ್ತೇನೆ.

1746ರ ನವೆಂಬರ್ 3. ನ್ಯೂಜೆರ್ಸಿಯ ಕ್ರ್ಯಾನ್‌ಬರಿಯಲ್ಲಿ ಅವನು ತನ್ನ ಜನರಿಗೆ ‘ಹೋಗಿ ಬರ್ತೀನಿ’ ಎಂದು ಹೇಳಿದ ದಿನ. ನೀವು ಬರೆದದ್ದು ಮೂರೇ ವಾಕ್ಯ.

‘ಅಂದು ಇಡೀ ಊರು ಕಣ್ಣೀರ ಕಡಲಾಯಿತು.’ ಆಗಲಿಲ್ಲ. ಡೈರಿ ನಿಮ್ಮ ಹತ್ತಿರವೇ ಇದೆ ಅಲ್ವಾ, ತೆಗೆದು ನೋಡಿ. ಅವನು ಮನೆಮನೆಗೂ ಹೋದ. ಒಬ್ಬೊಬ್ಬರ ಹತ್ತಿರವೂ ಅವರವರ ಸ್ಥಿತಿಗೆ ತಕ್ಕ ಮಾತಾಡಿದ. ದಿನದ ಬಹುಪಾಲು ಅದಕ್ಕೇ ಹೋಯಿತು. ಕೆಲವರಾದರೂ ಅಳದ ಮನೆ ಇರಲಿಲ್ಲ ಅನ್ನಬಹುದು ಎಂದು ಬರೆದಿದ್ದಾನೆ. ಕೆಲವರು! ಎದೆ ಕಿತ್ತುಬರುವ ದಿನದಲ್ಲೂ ಅವನು ಅತ್ತವರನ್ನು ಬೇರೆ ಮಾಡಿ ನೋಡಿದ್ದಾನೆ. ನೀವು ಎಲ್ಲರನ್ನೂ ಸೇರಿಸಿ ಕಡಲು ಮಾಡಿಬಿಟ್ಟಿರಿ. ಅದೇ ವರ್ಷ ಕ್ರಾಸ್‌ವೀಕ್‌ಸಂಗ್ ಎಂಬ ಊರಿನಿಂದ ಎದ್ದು ಬಂದು ಇಲ್ಲಿ ಹೊಸದಾಗಿ ನೆಲೆ ನಿಂತ ಜನ ಅವರು. ಹೊಸ ಮನೆಗಳ ಬಾಗಿಲಲ್ಲಿ ನಿಂತು ಪಾದ್ರಿಯನ್ನು ಕಳಿಸಿಕೊಡುತ್ತಿದ್ದಾರೆ. ಒಂದಾದರೂ ಬಾಗಿಲು ನಿಮ್ಮ ಲೇಖನದಲ್ಲಿ ಇಲ್ಲ.

‘ನಮ್ಮನ್ನು ಬಿಟ್ಟು ಹೋಗಬೇಡಿ ಸ್ವಾಮಿ ಎಂದು ಮುದುಕಿಯೊಬ್ಬಳು ಕಾಲು ಹಿಡಿದಳು.’ ಈ ಮುದುಕಿ ಎಲ್ಲಿಂದ ಬಂದಳು? ಕಾಲು ಹಿಡಿಯುವುದು ನಮ್ಮ ಕಡೆಯ ರೂಢಿ. ಇನ್ನೊಂದು, ಬ್ರೈನರ್ಡ್‌ಗೆ ಆ ಜನರ ಮಾತು ಸರಾಗವಾಗಿ ಬರುತ್ತಿರಲಿಲ್ಲ. ಉಪದೇಶ ನಡೆಯುತ್ತಿದ್ದದ್ದು ಮೋಸೆಸ್ ಟಟಮಿ ಎಂಬ ದುಭಾಷಿಯ ಬಾಯಲ್ಲಿ. ಪ್ರಾಣ ಬಿಡುವಷ್ಟು ಪ್ರೀತಿಸಿದ ಜನರ ಮಾತೇ ಬಾಯಿಗೆ ಬಾರದು! ಅದನ್ನು ಬಿಟ್ಟು ಮುದುಕಿಗೆ ಕನ್ನಡ ಕಲಿಸಿದಿರಿ.

‘ಸಾವಿನ ಕರೆಗೆ ಓಗೊಟ್ಟು ಕುದುರೆ ಏರಿದ.’ ನನಗೆ ತಡೆಯಲಾಗದ ವಾಕ್ಯ ಇದು. ಅವನು ಕುದುರೆ ಏರಿದ್ದು ವಾಸಿಯಾದೀತು ಅಂತ. ಆ ಕಾಲದಲ್ಲಿ ಕ್ಷಯಕ್ಕೆ ಕುದುರೆ ಸವಾರಿಯೂ ಒಂದು ಮದ್ದು. ಜಾಸ್ತಿ ಸವಾರಿ ಮಾಡಿದರೆ ಮಾತ್ರ ಆಸೆ ಎಂದು ಅವನೇ ಬರೆದಿದ್ದಾನೆ. ಮುಂದಿನ ವರ್ಷ ಮ್ಯಾಸಚೂಸೆಟ್ಸ್‌ನ ನಾರ್ತಾಂಪ್ಟನ್‌ನಲ್ಲಿ ವೈದ್ಯ ಮೇದರ್ ಗುಣವಾಗುವ ಭರವಸೆ ಇಲ್ಲ ಅಂದರು. ಆದರೂ ಸವಾರಿ ಬಿಡಬೇಡ ಅಂತಲೇ ವೈದ್ಯರ ಸಲಹೆ. ಆ ಮಾತು ಕೇಳಿ ಅವನು ಬಾಸ್ಟನ್‌ವರೆಗೆ ಸುಮಾರು 160 ಕಿಲೋಮೀಟರ್ ಹೋದ. ಬದುಕಬೇಕು ಅಂತ ಹೊರಟವನನ್ನು ಸಾವಿನ ಹಿಂದೆ ಕಳಿಸಬೇಡಿ.

ನನಗೆ ಇದು ಯಾಕೆ ಇಷ್ಟು ತಾಗುತ್ತದೆ ಅಂದರೆ, ನಾನೂ ಹೀಗೇ ಬರೆದಿದ್ದೆ. ವಾರಪತ್ರಿಕೆಯೊಂದರಲ್ಲಿ ಕೆಲಸಕ್ಕೆ ಸೇರಿದ ಹೊಸದು. ಹಳ್ಳಿಯ ಮೇಷ್ಟರೊಬ್ಬರಿಗೆ ವರ್ಗವಾಗಿತ್ತು. ಬೀಳ್ಕೊಡುಗೆಯ ವರದಿಯಲ್ಲಿ ‘ಊರಿಗೆ ಊರೇ ಕಣ್ಣೀರಿಟ್ಟಿತು’ ಅಂತ ಬರೆದೆ. ನಮ್ಮ ಹಿರಿಯ ಸಂಪಾದಕರು ಕೇಳಿದರು, ‘ಯಾರು ಅತ್ತರಪ್ಪಾ? ಒಬ್ಬರ ಹೆಸರು ಹೇಳು.’ ಹೇಳಲಾಗಲಿಲ್ಲ. ಮಾರನೇ ದಿನ ಮತ್ತೆ ಬಸ್ಸು ಹತ್ತಿಸಿದರು.

ಹೋಗಿ ವಿಚಾರಿಸಿದೆ. ಮೇಷ್ಟರು ಹಿಂದಿನ ಸಂಜೆ ಸಾಲ ತಂದ ಏಣಿ, ಚಾಪೆ, ಪಾತ್ರೆ ಎಲ್ಲ ಮನೆಮನೆಗೆ ಹೋಗಿ ಕೊಟ್ಟು ಬಂದಿದ್ದರು. ಹಾಲಿನವಳ ಮನೆಗೆ ಹೋಗಿ ತಿಂಗಳ ಬಾಕಿ ಎಣಿಸಿ ಕೊಟ್ಟರಂತೆ. ಅವಳು ಒಂದು ದಿನದ ದುಡ್ಡು ತಿರುಗಿ ಅವರ ಕೈಗಿಟ್ಟು, ‘ಇವತ್ತಿನ ಹಾಲು ಲೆಕ್ಕಕ್ಕಿಲ್ಲ’ ಅಂದಳಂತೆ. ಅವಳು ಅತ್ತಿರಲಿಲ್ಲ. ಅದನ್ನಷ್ಟೇ ಬರೆದುಕೊಟ್ಟೆ. ಸಂಪಾದಕರು ಒಂದು ಅಕ್ಷರವನ್ನೂ ಮುಟ್ಟಲಿಲ್ಲ.

ಇನ್ನು ನೀವು ಪೂರ್ತಿ ಬಿಟ್ಟ ಒಂದು ಸಂಗತಿ. ಅಂದು ಎಲ್ಲ ಮನೆ ಮುಗಿಸಿ ಹೊರಟ ಬ್ರೈನರ್ಡ್ ಎಷ್ಟು ದೂರ ಹೋದ? ಸುಮಾರು ಎರಡು ಮೈಲಿ. ಹಿಂದಿನ ಬೇಸಿಗೆಯಲ್ಲಿ ತಾನಿದ್ದ ಮನೆಗೆ ಹೋಗಿ ಅಲ್ಲೇ ಮಲಗಿದ. ಮ್ಯಾಸಚೂಸೆಟ್ಸ್ ಇರುವ ನ್ಯೂ ಇಂಗ್ಲೆಂಡ್ ಸೀಮೆಗೆ ಅಂತ ಹೊರಟವನು, ಎರಡು ಮೈಲಿ. ಆಮೇಲೆ ಎಲಿಜಬೆತ್‌ಟೌನ್ ತಲುಪಿ, ಚಳಿಗಾಲವೆಲ್ಲ ಡಿಕಿನ್ಸನ್ ಎಂಬ ಪಾದ್ರಿಯ ಮನೆಯಲ್ಲಿ ಹಾಸಿಗೆ ಹಿಡಿದ. ಮಾರ್ಚ್‌ನಲ್ಲಿ ಅದೇ ಜನರ ಹತ್ತಿರ ವಾಪಸ್ ಬಂದ. 20ನೇ ತಾರೀಕು ಅವರನ್ನು ಕೂಡಿಸಿ, ಒಂದು ಕೀರ್ತನೆ ವಿವರಿಸಿ ಹಾಡಿ, ಪ್ರಾರ್ಥಿಸಿದ. ಮತ್ತೆ ಅವರನ್ನು ನೋಡಲಿಲ್ಲ. ಅಕ್ಟೋಬರ್ 9ಕ್ಕೆ ತೀರಿಕೊಂಡ.

ಅಂದರೆ ಒಂದೇ ಜನರಿಗೆ ಎರಡು ಸಲ ಹೇಳಿ ಹೊರಡಬೇಕಾಯಿತು. ನೀವು ನವೆಂಬರ್‌ನಲ್ಲೇ ಇದ್ದ ಕಣ್ಣೀರೆಲ್ಲ ಸುರಿದುಬಿಟ್ಟಿದ್ದಕ್ಕೆ ಮಾರ್ಚ್‌ಗೆ ಏನೂ ಉಳಿಯದೆ ಅದೇ ವಾಕ್ಯ ಮತ್ತೆ ಬರೆದಿರಿ.

ನಾಲ್ಕನೇ ಪುಟ ಹರಿದು ಹಾಕಿ. ಎರಡು ಮೈಲಿ ಹೋಗಿ ಮಲಗಿದ ಆ ರಾತ್ರಿಯಿಂದ ಹಿಂದಕ್ಕೆ, ಒಂದೊಂದೇ ಮನೆಯಾಗಿ ಬರೆಯಿರಿ. ಮುಂದಿನ ತಿಂಗಳ ಸಂಚಿಕೆಯಲ್ಲಿ ನಿಮಗೆ ಜಾಗ ಇಟ್ಟಿರುತ್ತೇನೆ. ಹದಿನೈದರೊಳಗೆ ಕಳಿಸಿ.