ಹಾರ್ನ್ ಹೊಡೆದ್ರೆ ಸ್ಟೀರಿಯೋ ಆಫ್ ಆಗುತ್ತೆ, ಏನ್ಮಾಡ್ಲಿ?

ಪ್ರಶ್ನೆ: ನಮಸ್ಕಾರ ಸಾರ್. ನಮ್ಮ ತಂದೆಯವ್ರ 1976ರ ಪ್ರೀಮಿಯರ್ ಪದ್ಮಿನಿ ಕಾರು ಈಗ ನನ್ನ ಹತ್ರ ಇದೆ, ಬ್ಯಾಟರಿ ಚಾರ್ಜ್ ಮಾಡೋಕೆ ಡೈನಮೋ ಇರೋ ಗಾಡಿ, ಭಾನುವಾರ ಬಿಟ್ರೆ ತೆಗಿಯಲ್ಲ. ಆರು ತಿಂಗ್ಳ ಹಿಂದೆ ಒಂದು ಅಂಗಡೀಲಿ ಬ್ಲೂಟೂತ್ ಸ್ಟೀರಿಯೋ ಹಾಕಿಸ್ದೆ, ಅವತ್ತಿಂದ ಒಂದಲ್ಲ ಒಂದು ತೊಂದ್ರೆ. ಎಕ್ಸಿಲರೇಟರ್ ಒತ್ತಿದಷ್ಟೂ ಸ್ಪೀಕರ್‌ನಲ್ಲಿ ಕುಂಯ್ ಅನ್ನೋ ಸದ್ದು ಏರ್ತಾ ಹೋಗುತ್ತೆ, ಹಾರ್ನ್ ಹೊಡೆದ್ರೆ ಸೆಟ್ ಆಫ್ ಆಗಿ ಮತ್ತೆ ಆನ್ ಆಗುತ್ತೆ, ಮುಂದಿನ ಭಾನುವಾರದ ಹೊತ್ತಿಗೆ ಬ್ಯಾಟರಿ ಡೌನ್. ಇಬ್ರು ಎಲೆಕ್ಟ್ರಿಷಿಯನ್‌ಗಳು ನೋಡಿ ಪೂರ್ತಿ ವೈರಿಂಗ್ ಕಿತ್ತಾಕಿ ಹೊಸದು ಎಳೀಬೇಕು ಅಂದ್ರು. ಮಾಡಿಸ್ಬಿಡ್ಲಾ?
– ಬಸವನಗುಡಿಯ ಓದುಗರು

ಉತ್ತರ: ಬೇಡ, ದಯವಿಟ್ಟು ಈಗ್ಲೇ ಕೀಳಿಸ್ಬೇಡಿ. ನೀವು ಬರ್ದಿರೋದ್ರಲ್ಲಿ ಮೊದಲ ಎರಡು ತೊಂದ್ರೆಗೆ ನನಗೆ ಕಾಣ್ತಿರೋದು ಒಂದೇ ಕಾರಣ, ಅರ್ತ್. ಹಳೇ ಗಾಡೀಲಿ ಬ್ಯಾಟರಿಯಿಂದ ಹೊರಟ ಕರೆಂಟ್ ವಾಪಸ್ ಬರೋದು ಬಾಡಿ ತಗಡಿನ ಮೂಲಕ, ಅದನ್ನೇ ಅರ್ತ್ ಅನ್ನೋದು, ಆ ತಗಡಿಗೆ ಐವತ್ತು ವರ್ಷದಲ್ಲಿ ಎಷ್ಟು ಸಲ ಪೇಂಟ್ ಬಿದ್ದಿದೆ, ಎಲ್ಲೆಲ್ಲಿ ತುಕ್ಕು ತಿಂದಿದೆ ಯಾರು ನೋಡಿರ್ತಾರೆ? ಅಂಗಡಿಯವ್ರು ಸ್ಟೀರಿಯೋದ ಕಪ್ಪು ವೈರನ್ನ ಡ್ಯಾಶ್‌ಬೋರ್ಡ್ ಕೆಳಗೆ ಕೈಗೆ ಸಿಕ್ಕಿದ ಸ್ಕ್ರೂಗೆ ಸುತ್ತಿ ಬಿಟ್ಟಿರ್ತಾರೆ, ಅಲ್ಲಿ ಅರ್ತ್ ಸರಿ ಇಲ್ಲದಿದ್ರೆ ಹಾರ್ನ್ ಕರೆಂಟ್ ಎಳೆದ ತಕ್ಷಣ ಸೆಟ್‌ಗೆ ವೋಲ್ಟೇಜ್ ಬಿದ್ದೋಗುತ್ತೆ, ಅದು ಆಫ್ ಆಗುತ್ತೆ.

ಇದನ್ನ ನೀವೇ ಹತ್ತು ನಿಮಿಷದಲ್ಲಿ ಪತ್ತೆ ಮಾಡ್ಬಹುದು. ಎಸ್‌ಪಿ ರೋಡಲ್ಲಿ ಒಂದು ಡಿಜಿಟಲ್ ಮಲ್ಟಿಮೀಟರ್, ಮೂರು ಮೀಟರ್ ವೈರ್ ತಗೊಳ್ಳಿ. ವೈರಿನ ಒಂದು ತುದಿ ನೇರ ಬ್ಯಾಟರಿ ಮೈನಸ್‌ಗೆ, ಇನ್ನೊಂದು ತುದಿ ಸ್ಟೀರಿಯೋದ ಕಪ್ಪು ವೈರಿಗೆ. ಈಗ ಹಾರ್ನ್ ಹೊಡೀರಿ. ಸೆಟ್ ಆಫ್ ಆಗ್ಲಿಲ್ಲ ಅಂದ್ರೆ ಕಳ್ಳ ಸಿಕ್ಕಿಬಿದ್ದ. ಮೀಟರಲ್ಲೇ ನೋಡ್ಬೇಕು ಅಂದ್ರೆ ಆ ವೈರ್ ತೆಗೆದು, ಹೆಡ್‌ಲೈಟ್ ಹಾಕಿ ಸೆಟ್ ಆನ್ ಮಾಡಿ, ಬ್ಯಾಟರಿ ಮೈನಸ್‌ಗೂ ಆ ಕಪ್ಪು ವೈರಿಗೂ ನಡುವೆ ವೋಲ್ಟ್ ನೋಡಿ. 0.1, 0.2 ಇದ್ರೆ ಪರವಾಗಿಲ್ಲ, ಅರ್ಧ ವೋಲ್ಟ್ ದಾಟಿದ್ರೆ ಅರ್ತ್ ಕೆಟ್ಟಿದೆ ಅಂತಾನೇ ಅರ್ಥ.

ಹಾಗೇ ಬಾನೆಟ್ ತೆಗ್ದು ಇಂಜಿನ್ನಿಂದ ಬಾಡಿಗೆ ಬರೋ ತಾಮ್ರದ ಪಟ್ಟಿ ನೋಡಿ, ಜಡೆ ಹೆಣೆದ ಥರ ಇರುತ್ತೆ. ನನ್ನ ಸ್ವಂತ ಗಾಡೀಲಿ ಒಂದ್ಸಲ ಅದು ಹಸಿರು ಪಾಚಿ ಹಿಡಿದಂಗೆ ಆಗಿ ಎಳೆ ಎಳೆ ಬಿಟ್ಕೊಂಡಿತ್ತು, ಅರ್ಧಕ್ಕಿಂತ ಹೆಚ್ಚು ತುಂಡಾಗಿತ್ತು, ನಾನು ಗಮನಿಸಿರ್ಲಿಲ್ಲ. ಸೆಲ್ಫ್ ಹೊಡೆದಾಗ ಚೋಕ್ ಹಿಡ್ಕೊಂಡಿದ್ದ ಬೆರಳಿಗೆ ಬಿಸಿ ತಾಗ್ತು. ಸ್ಟಾರ್ಟರ್‌ನ ಕರೆಂಟ್‌ಗೆ ಉಳಿದ ಎಳೆಗಳು ಸಾಲದೆ ಚೋಕ್ ಕೇಬಲ್ ಮೂಲಕವೂ ವಾಪಸ್ ಹೋಗ್ತಿತ್ತು! ಇನ್ನೂ ನಾಲ್ಕು ಸಲ ಹೊಡೆದಿದ್ರೆ ಕೇಬಲ್ ಸುಟ್ಟೇ ಹೋಗ್ತಿತ್ತೋ ಏನೋ. ಹಾಗಾಗಿ ಆ ಪಟ್ಟಿ ಬಿಚ್ಚಿ, ಬೋಲ್ಟ್ ಕೂರೋ ಜಾಗದಲ್ಲಿ ಎಮರಿ ಪೇಪರ್ ಹಾಕಿ ಪೇಂಟು ತುಕ್ಕು ಎಲ್ಲಾ ಹೋಗಿ ತಗಡು ಬೆಳ್ಳಗೆ ಕಾಣೋ ತನಕ ಉಜ್ಜಿ, ಬಿಗಿಯಾಗಿ ಕೂರಿಸಿ, ಮೇಲೆ ಸ್ವಲ್ಪ ವ್ಯಾಸಲೀನ್ ಸವರಿ. ಮಳೆಗಾಲಕ್ಕೆ ಮುಂಚೆ ವರ್ಷಕ್ಕೊಂದ್ಸಲ ಇದನ್ನ ಮಾಡಿದ್ರೆ ಸಾಕು.

ಅರ್ತ್ ಸರಿ ಮಾಡಿದ್ಮೇಲೂ ಕುಂಯ್ ಸದ್ದು ಉಳಿದ್ರೆ ಅದು ಡೈನಮೋದು, ಒಳಗಿನ ಬ್ರಷ್ ಕಿಡಿ ಹಾರಿಸುತ್ತೆ, ಸ್ಪೀಡ್ ಏರಿದಂಗೆ ಸದ್ದೂ ಏರುತ್ತೆ. ಡೈನಮೋ ಮೇಲೆ ದಪ್ಪ ವೈರ್ ಬರೋ ಟರ್ಮಿನಲ್‌ಗೆ 1 ಮೈಕ್ರೋಫ್ಯಾರಡ್ ಸಪ್ರೆಸರ್ ಕಂಡೆನ್ಸರ್ ಹಾಕಿಸಿ. ಸಣ್ಣ ವೈರಿನ ಫೀಲ್ಡ್ ಟರ್ಮಿನಲ್‌ಗೆ ಮಾತ್ರ ಯಾವ ಕಾರಣಕ್ಕೂ ಹಾಕ್ಬೇಡಿ, ಚಾರ್ಜಿಂಗ್ ಹತೋಟಿ ಮಾಡೋ ರೆಗ್ಯುಲೇಟರ್‌ನ ಪಾಯಿಂಟ್ ಹಾಳಾಗುತ್ತೆ. ಏರೋ ಸದ್ದಲ್ಲದೆ ಟಿಕ್ ಟಿಕ್ ಅಂತ ಬಂದ್ರೆ ಅದು ಇಗ್ನಿಷನ್ ಕಡೆಯದು, ಪ್ಲಗ್ ವೈರ್‌ಗಳನ್ನ ರೆಸಿಸ್ಟರ್ ಇರೋದಕ್ಕೆ ಬದಲಾಯಿಸಿ.

ಇನ್ನು ಬ್ಯಾಟರಿ. ಸ್ಟೀರಿಯೋದಲ್ಲಿ ಹಳದಿ ವೈರ್ ಮೆಮೊರಿಗೆ, ಅದಕ್ಕೆ ಸದಾ ಕರೆಂಟ್ ಬೇಕು, ಕೆಂಪು ವೈರ್‌ಗೆ ಕೀ ಹಾಕಿದಾಗ ಮಾತ್ರ ಬರ್ಬೇಕು. ಕೆಲಸ ಬೇಗ ಮುಗೀಲಿ ಅಂತ ಎರಡನ್ನೂ ಸೇರಿಸಿ ನೇರ ಬ್ಯಾಟರಿಗೆ ಕೊಟ್ಟಿರೋದನ್ನ ನಾನು ಬೇಕಾದಷ್ಟು ನೋಡಿದೀನಿ, ಆಗ ಸೆಟ್ ನಿದ್ದೆನೇ ಮಾಡಲ್ಲ. ಕೀ ತೆಗ್ದು, ಬಾಗಿಲು ಹಾಕಿ, ಬ್ಯಾಟರಿ ಮೈನಸ್ ಕೇಬಲ್ ಬಿಚ್ಚಿ, ಮೀಟರನ್ನ 10 ಆಂಪಿಯರ್ ಸಾಕೆಟ್‌ಗಿಟ್ಟು ಕೇಬಲ್‌ಗೂ ಬ್ಯಾಟರಿಗೂ ಮಧ್ಯ ಸೇರ್ಸಿ (ಮೀಟರ್ ಹೀಗಿರುವಾಗ ಸೆಲ್ಫ್ ಹೊಡೀಬೇಡಿ). 0.05 ಆಂಪಿಯರ್ ಒಳಗಿರ್ಬೇಕು. 0.3 ತೋರ್ಸಿದ್ರೆ 40 ಆಂಪಿಯರ್ ಅವರ್ ಬ್ಯಾಟರಿ ಐದೂವರೆ ದಿನಕ್ಕೆ ಖಾಲಿ, ನಿಮ್ಮ ಭಾನುವಾರದ ಲೆಕ್ಕಕ್ಕೆ ಸರಿಯಾಗಿ ಕೂರುತ್ತೆ. ಫ್ಯೂಸ್ ಒಂದೊಂದಾಗಿ ತೆಗೀತಾ ಹೋಗಿ, ಯಾವುದನ್ನ ತೆಗೆದಾಗ ಮೀಟರ್ ಇಳಿಯುತ್ತೋ ಆ ಲೈನಲ್ಲಿ ಹುಡುಕಿ.

ಒಂದು ವಿಷಯ, ಡೈನಮೋ ಐಡಲಿಂಗ್‌ನಲ್ಲಿ ಚಾರ್ಜ್ ಮಾಡಲ್ಲ. ಸಿಲ್ಕ್ ಬೋರ್ಡ್ ಸಿಗ್ನಲಲ್ಲಿ ಹೆಡ್‌ಲೈಟ್, ವೈಪರ್, ಹಾಡು ಎಲ್ಲಾ ಹಾಕ್ಕೊಂಡು ಇಪ್ಪತ್ತು ನಿಮಿಷ ನಿಂತ್ರೆ ಅಷ್ಟೂ ಬ್ಯಾಟರಿಯಿಂದಲೇ ಹೋಗುತ್ತೆ. ಅಲ್ಲಿ ಹಾಡು ನಿಲ್ಲಿಸ್ಬಿಡಿ.

ಪೂರ್ತಿ ವೈರಿಂಗ್ ಯಾವಾಗ ಬದಲಾಯಿಸ್ಬೇಕು ಅಂದ್ರೆ, ವೈರ್ ಬಗ್ಗಿಸಿದಾಗ ಮೇಲಿನ ಹೊದಿಕೆ ಬಿಸ್ಕತ್ತಿನ ಥರ ಪುಡಿ ಆಗಿ ಉದುರಿದ್ರೆ. ಮೆತ್ತಗೆ ಬಾಗಿದ್ರೆ ಅದು ಇನ್ನೂ ಬಾಳುತ್ತೆ. ತಂದೆಯವ್ರ ಕಾಲದ ವೈರಿಂಗ್ ಒಮ್ಮೆ ಕತ್ತರಿಸಿದ್ರೆ ಆ ಬಣ್ಣಗಳ ಲೆಕ್ಕವೇ ತಪ್ಪಿಹೋಗುತ್ತೆ, ಮುಂದೆ ಯಾರು ಕೈ ಹಾಕಿದ್ರೂ ಹುಡುಕೋದು ಕಷ್ಟ.

ಪ್ರಶ್ನೆ: ನಮ್ಮ ತಾತನ ಮಾರಿಸ್ ಮೈನರ್ ಪಾಸಿಟಿವ್ ಅರ್ತ್ ಅಂತೆ. ಮೊಬೈಲ್ ಹಾಡು ಕೇಳೋ ಸೆಟ್ ಹಾಕ್ಬಹುದಾ ಅಂಕಲ್?
– ಮಲ್ಲೇಶ್ವರದ ಓದುಗರು

ಉತ್ತರ: ನೇರವಾಗಿ ಹಾಕಿದ್ರೆ ಸುಟ್ಟೋಗುತ್ತೆ ಮಗು. ಆ ಗಾಡೀಲಿ ಬ್ಯಾಟರಿ ಪ್ಲಸ್ ಬಾಡಿಗೆ ಸೇರಿರುತ್ತೆ, ಈಗಿನ ಸೆಟ್‌ನ ಹೊರಗಿನ ಡಬ್ಬ, ಆಂಟೆನಾ ಎಲ್ಲಾ ಮೈನಸ್, ಬಾಡಿಗೆ ತಾಗಿದ್ರೆ ಶಾರ್ಟ್. ಗಾಡೀನ ನೆಗೆಟಿವ್ ಅರ್ತ್ ಮಾಡ್ಬಹುದು, ಬ್ಯಾಟರಿ ಕೇಬಲ್ ಅದಲು ಬದಲು, ಇಗ್ನಿಷನ್ ಕಾಯಿಲ್‌ನ ಎರಡು ಸಣ್ಣ ವೈರ್ ಅದಲು ಬದಲು, ಡೈನಮೋ ಪೋಲಾರಿಟಿ ತಿರುಗಿಸ್ಬೇಕು. ಸ್ಟಾರ್ಟರ್‌ಗೂ ಬಲ್ಬ್‌ಗೂ ಯಾವುದಾದ್ರೂ ಒಂದೇ. ಆದ್ರೆ ಬರೀ ಹಾಡಿಗೋಸ್ಕರ ಅಷ್ಟು ಮಾಡೋದು ನನಗೆ ಇಷ್ಟ ಇಲ್ಲ. ತಾತನ ಗಾಡಿ ಹೇಗಿದೆಯೋ ಹಾಗೇ ಇರ್ಲಿ, ಚಾರ್ಜ್ ಮಾಡೋ ಬ್ಲೂಟೂತ್ ಸ್ಪೀಕರ್ ಒಂದು ಸೀಟ್ ಮೇಲಿಟ್ಕೋ.

ಪ್ರಶ್ನೆ: ಹಳೇ ರೇಡಿಯೋ ತೆಗ್ದು ಹೊಸ ಸೆಟ್ ಹಾಕಿದೆ, ಸ್ಪೀಕರ್‌ಗೆ ಹಳೇ ಒಂಟಿ ವೈರೇ ಕೊಟ್ಟೆ, ಇನ್ನೊಂದು ತುದಿ ಬಾಡಿಗೆ. ಸದ್ದೇ ಇಲ್ಲ.
– ವಿಜಯನಗರದ ಓದುಗರು

ಉತ್ತರ: ಮೊದ್ಲು ಸೆಟ್ ಆಫ್ ಮಾಡಿ. ಹಳೇ ರೇಡಿಯೋಗೆ ಅದು ನಡೀತಿತ್ತು, ಹೊಸ ಸೆಟ್‌ನಲ್ಲಿ ಸ್ಪೀಕರ್‌ನ ಎರಡೂ ವೈರಲ್ಲಿ ಸುಮಾರು 6 ವೋಲ್ಟ್ ಇರುತ್ತೆ, ಒಂದನ್ನ ಬಾಡಿಗೆ ಕೊಟ್ರೆ ಒಳಗಿನ ಐಸಿ ಚಿಪ್ ಹೋಗುತ್ತೆ. ಪ್ರತಿ ಸ್ಪೀಕರ್‌ಗೂ ಸೆಟ್‌ನಿಂದಲೇ ಎರಡೆರಡು ವೈರ್ ಎಳೀರಿ, ಬಾಡಿಗೆ ಎಲ್ಲೂ ತಾಗದಂಗೆ. ನಿಮ್ಮ ಅದೃಷ್ಟ ಚೆನ್ನಾಗಿದ್ರೆ ಸೆಟ್ ಸುಟ್ಟಿರಲ್ಲ, ಪ್ರೊಟೆಕ್ಷನ್‌ಗೆ ಹೋಗಿ ತಾನೇ ಬಂದ್ ಆಗಿರುತ್ತೆ ಅಷ್ಟೆ, ವೈರ್ ಸರಿ ಮಾಡಿ ಫ್ಯೂಸ್ ಒಂದ್ಸಲ ತೆಗ್ದು ಹಾಕಿ ನೋಡಿ.