ಟೆಸ್ಟ್ ಇಲ್ಲದೆ ಗರ್ಭಕೋಶ ತೆಗೆಸಬೇಡಿ

ಗರ್ಭಕೊರಳಿನ (ಅಂದರೆ ಗರ್ಭಕೋಶದ ಬಾಯಿಯ) ಕ್ಯಾನ್ಸರ್ ತರುವ, ದೇಹಸಂಬಂಧದಿಂದ ಹರಡುವ ವೈರಸ್ ಎಚ್‌ಪಿವಿ. ಅದರ ಬಗ್ಗೆ ಮತ್ತೆ ವಿವರವಾಗಿ ಬರೆಯುವುದಿಲ್ಲ. ಈ ಸಲ ಒಂದು ಪತ್ರಕ್ಕೇ ಜಾಸ್ತಿ ಜಾಗ ಕೊಡುತ್ತಿದ್ದೇನೆ. ಇಂಥ ಪತ್ರಗಳು ಬರುವುದು ನಿಲ್ಲುತ್ತಲೇ ಇಲ್ಲ.

ಪ್ರಶ್ನೆ: ಮೇಡಂ, ನನಗೆ 36 ವರ್ಷ. ಇಬ್ಬರು ಮಕ್ಕಳು, ಮಕ್ಕಳಾಗದ ಆಪರೇಷನ್ ಆಗಿದೆ. ಎರಡು ವರ್ಷದಿಂದ ಬಿಳಿ ಸೆರಗು, ಸೊಂಟನೋವು. ಇಲ್ಲೊಂದು ನರ್ಸಿಂಗ್ ಹೋಮ್‌ನಲ್ಲಿ ಸ್ಕ್ಯಾನ್ ಮಾಡಿ, ‘ಗರ್ಭಕೋಶದ ಬಾಯಿ ಹುಣ್ಣಾಗಿದೆ, ತೆಗೆಸಿಬಿಡಿ, ಇಲ್ಲಾಂದ್ರೆ ಕ್ಯಾನ್ಸರ್ ಆಗುತ್ತೆ’ ಅಂದರು. ಹೇಗೂ ಮಕ್ಕಳು ಸಾಕು. ತೆಗೆಸಲಾ? (ಕೊಪ್ಪಳ ಜಿಲ್ಲೆಯ ಓದುಗರು)

ಬೇಡ. ಆಪರೇಷನ್‌ಗೆ ಡೇಟ್ ಕೊಟ್ಟಿದ್ದರೆ ಇವತ್ತೇ ಫೋನ್ ಮಾಡಿ ಮುಂದಕ್ಕೆ ಹಾಕಿ.

ನನಗೆ ಸಿಟ್ಟು ಬಂದಿದೆ, ನಿಮ್ಮ ಮೇಲಲ್ಲ. ನಿಮ್ಮ ಪತ್ರದಲ್ಲಿ ಸ್ಕ್ಯಾನ್ ಇದೆ, ಆಪರೇಷನ್ ಇದೆ. ನಡುವೆ ಆಗಬೇಕಾದ ಟೆಸ್ಟೇ ಇಲ್ಲ. ಗರ್ಭಕೊರಳಿನ ಕ್ಯಾನ್ಸರ್‌ಗೆ ಮುಂಚೆ ಆಗುವ ಬದಲಾವಣೆ ಹೊಟ್ಟೆಯ ಸ್ಕ್ಯಾನಿನಲ್ಲಿ ಕಾಣುವುದಿಲ್ಲ. ಇನ್ನು ‘ಹುಣ್ಣು’ ಅಂತ ಹೆದರಿಸುತ್ತಾರಲ್ಲ, ಅದು ಎಷ್ಟೋ ಸಲ ಹುಣ್ಣೇ ಅಲ್ಲ. ಒಳಗಿನ ಕೆಂಪು ಪದರ ಬಾಯಿಯಿಂದ ಸ್ವಲ್ಪ ಹೊರಗೆ ಚಾಚಿಕೊಂಡಿರುತ್ತದೆ. ಮುಟ್ಟಾಗುವ ವಯಸ್ಸಿನಲ್ಲಿ ಇದು ಸಹಜ, ಕ್ಯಾನ್ಸರ್ ಆಗಿ ತಿರುಗುವುದಿಲ್ಲ. ಕ್ಯಾನ್ಸರ್ ತರುವುದು ಎಚ್‌ಪಿವಿ. ಅದೂ ಬಹಳ ಜನರಲ್ಲಿ ಒಂದೆರಡು ವರ್ಷದಲ್ಲಿ ತಾನಾಗಿಯೇ ಹೋಗುತ್ತದೆ. ಹೋಗದೆ ಉಳಿದರೂ ಕ್ಯಾನ್ಸರ್ ಆಗುವುದಕ್ಕೆ ಸಾಮಾನ್ಯವಾಗಿ 15–20 ವರ್ಷ ಬೇಕು. ಅಂದಮೇಲೆ ಒಂದು ಟೆಸ್ಟಿಗೂ ಪುರುಸೊತ್ತಿಲ್ಲದ ಈ ಅವಸರ ಯಾಕೆ?

ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಹೋಗಿ, ಗರ್ಭಕೊರಳಿನ ಟೆಸ್ಟ್ ಮಾಡಿ ಅಂತ ಬಾಯಿಬಿಟ್ಟು ಕೇಳಿ. 30ರಿಂದ 65 ವರ್ಷದವರಿಗೆ ಐದು ವರ್ಷಕ್ಕೊಮ್ಮೆ ಮಾಡಬೇಕು ಅಂತ ಸರ್ಕಾರದ್ದೇ ನಿಯಮ ಇದೆ. ಸುಲಭದ್ದು ವಿಐಎ. ಸ್ಪೆಕ್ಯುಲಮ್ (ಒಳಗೆ ನೋಡಲು ದಾರಿ ಅಗಲಿಸುವ ಸಾಧನ) ಹಾಕಿ, ಲೈಟ್ ಬಿಟ್ಟು, ಹತ್ತಿಯನ್ನು ಅಸಿಟಿಕ್ ಆಮ್ಲದಲ್ಲಿ ಅದ್ದಿ ಗರ್ಭಕೊರಳಿಗೆ ಹಚ್ಚುತ್ತಾರೆ. ವಿನಿಗರ್‌ನಲ್ಲಿ ಇರುವುದೂ ಅದೇ. ಒಂದು ನಿಮಿಷ ಕಾದು ನೋಡುತ್ತಾರೆ. ಕೆಟ್ಟ ಜಾಗ ಇದ್ದರೆ ಬೆಳ್ಳಗೆ ಎದ್ದು ಕಾಣುತ್ತದೆ. ಸ್ವಲ್ಪ ಚುರ್ ಅನ್ನಬಹುದು, ಅಷ್ಟೇ. ಎಚ್‌ಪಿವಿ ಟೆಸ್ಟ್ ಸಿಕ್ಕರೆ ಅದನ್ನೇ ಮಾಡಿಸಿ, ನನಗೆ ಅದರ ಮೇಲೆ ನಂಬಿಕೆ ಜಾಸ್ತಿ. ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗ ಧಾರಾಶಿವ್) ಜಿಲ್ಲೆಯ ಹಳ್ಳಿಗಳಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದೇ ಸಲ ಈ ಟೆಸ್ಟ್ ಮಾಡಿದ ಗುಂಪಿನಲ್ಲಿ ಈ ಕ್ಯಾನ್ಸರ್‌ನ ಸಾವು ಸುಮಾರು ಅರ್ಧಕ್ಕೆ ಇಳಿದಿತ್ತು.

ಟೆಸ್ಟಿನಲ್ಲಿ ಅನುಮಾನ ಬಂದರೆ ಕಾಲ್ಪೊಸ್ಕೋಪಿ (ಗರ್ಭಕೊರಳನ್ನು ದೊಡ್ಡದಾಗಿ ಕಾಣಿಸುವ ಯಂತ್ರದಲ್ಲಿ ನೋಡುವುದು), ಬೇಕಾದರೆ ಬಯಾಪ್ಸಿ (ಚೂರು ತೆಗೆದು ಲ್ಯಾಬ್‌ಗೆ ಕಳಿಸುವುದು). ಕ್ಯಾನ್ಸರ್‌ಗೆ ಮುಂಚಿನ ಹಂತ ಅಂತ ಬಂದರೆ ಆ ಜಾಗವನ್ನಷ್ಟೇ ಸುಡುತ್ತಾರೆ, ಇಲ್ಲವೇ ಕತ್ತರಿಸಿ ತೆಗೆಯುತ್ತಾರೆ. ಹೆಚ್ಚಿನವರು ಅದೇ ದಿನ ಮನೆಗೆ ಹೋಗುತ್ತಾರೆ. ಗರ್ಭಕೋಶ ಹಾಗೇ ಇರುತ್ತದೆ.

ಅಕಸ್ಮಾತ್ ನಿಜಕ್ಕೂ ಕ್ಯಾನ್ಸರ್ ಇದ್ದರೆ? ಆಗಲೂ ಈ ಸಾದಾ ಆಪರೇಷನ್ ಸಾಮಾನ್ಯವಾಗಿ ಸಾಲುವುದಿಲ್ಲ. ಅದಕ್ಕೆ ಬೇರೆ ದೊಡ್ಡ ಸರ್ಜರಿ ಅಥವಾ ರೇಡಿಯೇಷನ್ ಬೇಕು. ತಿಳಿಯದೆ ತೆಗೆಸಿಕೊಂಡು ಆಮೇಲೆ ಕ್ಯಾನ್ಸರ್ ಆಸ್ಪತ್ರೆಗೆ ಬಂದವರ ಚಿಕಿತ್ಸೆ ಇನ್ನಷ್ಟು ಕಷ್ಟವಾಗುತ್ತದೆ. ಕ್ಯಾನ್ಸರ್ ಇಲ್ಲದಿದ್ದರೆ, ಸುಮ್ನೆ ಒಂದು ಅಂಗ ಕಳೆದುಕೊಂಡ ಹಾಗೆ. ಜೊತೆಗೆ ಅಂಡಾಶಯವನ್ನೂ ತೆಗೆದರೆ ಈ ವಯಸ್ಸಿಗೇ ಮುಟ್ಟು ನಿಂತವರ ತೊಂದರೆಗಳು ಶುರು: ಮೈಯೆಲ್ಲ ಬಿಸಿಯೇರುವುದು, ಮೂಳೆ ಸವೆತ, ಹೃದಯಕ್ಕೂ ಅಪಾಯ. ಬಡ್ಡಿಗೆ ಸಾಲ ತಂದು ಆಪರೇಷನ್ ಮಾಡಿಸಿಕೊಂಡು, ಸೊಂಟನೋವು ಮಾತ್ರ ಹೋಗದ ಹೆಂಗಸರು ನನ್ನ ಒಪಿಡಿಗೆ ಬರುತ್ತಲೇ ಇರುತ್ತಾರೆ.

ನಿಮ್ಮ ಬಿಳಿ ಸೆರಗು ವಾಸನೆ ಬರುತ್ತಿದ್ದರೆ, ತುರಿಕೆ ಇದ್ದರೆ ಅದು ಸೋಂಕು ಇರಬಹುದು. ಪರೀಕ್ಷೆ ಮಾಡಿ ಕೆಲವು ದಿನದ ಮಾತ್ರೆ ಕೊಡುತ್ತಾರೆ, ಕೆಲವು ಸಲ ಯಜಮಾನರಿಗೂ ಕೊಡಬೇಕಾಗುತ್ತದೆ. ಸ್ಫಟಿಕದ (ಆಲಂ) ನೀರಿನಲ್ಲಿ ಒಳಗೆಲ್ಲ ತೊಳೆಯಬೇಡಿ. ‘ಗರ್ಭಕೋಶ ಶುದ್ಧಿ’ ಅಂತ ವಾಟ್ಸ್ಆ್ಯಪ್‌ನಲ್ಲಿ ಮಾರುವ ಗಿಡಮೂಲಿಕೆ ಉಂಡೆಗಳನ್ನಂತೂ ಒಳಗೆ ಇಟ್ಟುಕೊಳ್ಳಲೇಬೇಡಿ. ಒಳಗೆಲ್ಲ ಗಾಯ ಮಾಡಿಕೊಂಡು ಬಂದವರನ್ನು ನೋಡಿದ್ದೇನೆ.

ಪ್ರಶ್ನೆ: ಎಚ್‌ಪಿವಿ ಲಸಿಕೆ ಹಾಕಿಸಿದರೆ ಮಗಳಿಗೆ ಮುಂದೆ ಮಕ್ಕಳಾಗಲ್ಲವಂತೆ, ಹೌದಾ?

ಸುಳ್ಳು. 2006ರಿಂದ ಈ ಲಸಿಕೆ ಬಳಕೆಯಲ್ಲಿದೆ. 9ರಿಂದ 14 ವರ್ಷದೊಳಗೆ ಹಾಕಿಸಿ.

ಪ್ರಶ್ನೆ: ಲಸಿಕೆ ಹಾಕಿಸಿಕೊಂಡವರಿಗೂ ಟೆಸ್ಟ್ ಬೇಕಾ?

ಬೇಕು.

ಪ್ರಶ್ನೆ: ನಮ್ಮ ಯಜಮಾನರನ್ನು ಬಿಟ್ಟು ನನಗೆ ಬೇರೆ ಸಂಬಂಧ ಇಲ್ಲ. ನನಗ್ಯಾಕೆ ಟೆಸ್ಟ್?

ಈ ವೈರಸ್ ಯಾರ ನಡತೆಯನ್ನೂ ನೋಡಿ ಬರುವುದಿಲ್ಲ. ಮಾಡಿಸಿ.

ಪ್ರಶ್ನೆ: ಅಮ್ಮನಿಗೆ 58. ಮುಟ್ಟು ನಿಂತು ಆರು ವರ್ಷ. ಈಗ ಎರಡು ಸಲ ರಕ್ತ ಕಂಡಿದೆ. ಉಷ್ಣ ಅಂತ ಎಳನೀರು ಕುಡಿಯುತ್ತಿದ್ದಾರೆ. ಹಬ್ಬ ಮುಗಿದ ಮೇಲೆ ತೋರಿಸಿದರೆ ಆಗುತ್ತಾ?

ಆಗುವುದಿಲ್ಲ. ಈ ವಾರವೇ ತೋರಿಸಿ. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ಉಷ್ಣ ಅಂತ ಬಿಡುವ ಹಾಗಿಲ್ಲ. ಗಂಡ ಹೆಂಡತಿ ಸೇರಿದ ಮೇಲೆ ರಕ್ತ ಕಾಣುವವರಿಗೂ ಇದೇ ಮಾತು. ಅಮ್ಮ ನಾಚಿಕೊಂಡರೆ ನೀವೂ ಜೊತೆಗೆ ಒಳಗೆ ಹೋಗಿ, ಲೇಡಿ ಡಾಕ್ಟರ್ ಬೇಕು ಅಂತ ಕೇಳಿ. ಹಳೆಯ ಚೀಟಿಗಳು, ಆಧಾರ್, ಬಿಪಿಎಲ್ ಕಾರ್ಡ್ ಇದ್ದರೆ ಅದೂ ಬ್ಯಾಗಿನಲ್ಲಿರಲಿ.